ಘಟ್ಟ ಇಳಿಯುವ ಗಾಡಿಯ ಬ್ರೇಕು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಅಮೆರಿಕದಲ್ಲಿ ನನ್ನ ಸಾಧನೆ’ ಅಂತ. ಸಾಧನೆ ಅನ್ನುವ ಮಾತಿಗೆ ನನ್ನ ಹತ್ತಿರ ಹೆಚ್ಚು ಸರಕಿಲ್ಲ. 2006ರಲ್ಲಿ ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದೆ, ಆಮೇಲೆ ಪಿಯುಸಿ, ಬಿಇ, ಒಂದು ಸಾಫ್ಟ್‌ವೇರ್ ಕೆಲಸ, ಕಂಪನಿಯವರು ಕಳಿಸಿದರು, ಹೋದೆ. ನನ್ನ ಹಾಗೆ ಹೋದವರು ಈ ಸಭೆಯಲ್ಲೇ ನಾಲ್ಕೈದು ಜನ ಇದ್ದಾರೆ. ಅದಕ್ಕೇ ಅವರ ಅನುಮತಿ ಕೇಳಿ ವಿಷಯ ಬದಲಾಯಿಸಿಕೊಂಡೆ. ನಾನು ಇವತ್ತು ಬ್ರೇಕಿನ ಬಗ್ಗೆ ಮಾತಾಡುತ್ತೇನೆ. ವಾಹನದ ಬ್ರೇಕು. ಈ ಸಭೆಯಲ್ಲಿ ಪಿಕಪ್ ಓಡಿಸುವವರು, ಜೀಪು ಓಡಿಸುವವರು, ಟ್ರ್ಯಾಕ್ಟರ್ ಇರುವವರು, ವರ್ಷಕ್ಕೊಮ್ಮೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳಕ್ಕೆ, ಶೃಂಗೇರಿಗೆ ಹೋಗುವವರು, ಎಲ್ಲರೂ ಇದ್ದಾರೆ. ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿಯದೇ ನಮಗೆ ಸಮುದ್ರವೂ ಇಲ್ಲ, ದೇವರೂ ಇಲ್ಲ.

2024ರಲ್ಲಿ ಅಪ್ಪ ಅಮ್ಮ ಬೇಸಿಗೆ ಕಳೆಯಲು ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೊಸೆ ಹತ್ತಿರ. ಅಪ್ಪನಿಗೆ ಯೆಲ್ಲೊಸ್ಟೋನ್ ನೋಡುವ ಆಸೆ. ನೆಲದಿಂದ ಬಿಸಿನೀರು ಚಿಮ್ಮುವ ಜಾಗ, ಟೀವಿಯಲ್ಲಿ ನೋಡಿದ್ದರು. ಅಮ್ಮನಿಗೆ ಹೋಟೆಲ್ ಊಟ ಒಗ್ಗುವುದಿಲ್ಲ. ಎರಡಕ್ಕೂ ಹೊಂದುವ ಹಾಗೆ ನಾವು ಹದಿನಾರು ದಿನಕ್ಕೆ ಒಂದು ಮೋಟರ್‌ಹೋಮ್ ಬಾಡಿಗೆಗೆ ಹಿಡಿದೆವು.

ಮೋಟರ್‌ಹೋಮ್ ಅಂದರೆ ಚಕ್ರದ ಮೇಲಿನ ಮನೆ. ಮುಂದೆ ಡ್ರೈವರ್ ಕೂರುವ ಜಾಗ, ಹಿಂದೆ ಒಂದು ಕೋಣೆ. ಅದರಲ್ಲೇ ಮಂಚ, ಗ್ಯಾಸ್ ಒಲೆ, ಫ್ರಿಜ್, ಕಕ್ಕಸು, ನೀರಿನ ಟ್ಯಾಂಕು, ಬಳಸಿದ ನೀರು ತುಂಬುವ ಇನ್ನೊಂದು ಟ್ಯಾಂಕು. ನಾವು ತಗೊಂಡಿದ್ದು ಜನ, ಸಾಮಾನು, ನೀರು ಎಲ್ಲ ಸೇರಿ ಸುಮಾರು ಆರು ಟನ್. ಹತ್ತಿರ ಹತ್ತಿರ ನಾಲ್ಕು ಬೊಲೆರೊ ಸೇರಿಸಿ ಕಟ್ಟಿದಷ್ಟು ತೂಕ. ಅದನ್ನು ಓಡಿಸಲು ಅಲ್ಲಿ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ಇದು ನನಗೆ ಇವತ್ತಿಗೂ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಅದೇ ತೂಕದ ಗಾಡಿಗೆ ಕೂರುವವನು ಐದಾರು ವರ್ಷ ಕ್ಲೀನರ್ ಆಗಿ ಪಕ್ಕದಲ್ಲಿ ಕೂತು ಕಲಿತಿರುತ್ತಾನೆ.

ನನಗೆ ಆ ಕ್ಲೀನರ್ ವಿದ್ಯೆ ಬೇರೆ ದಾರಿಯಿಂದ ಬಂತು. ನಮ್ಮಪ್ಪ ಮದುವೆಗೆ ಮುಂಚೆ ಎರಡು ವರ್ಷ ಟಿಂಬರ್ ಲಾರಿಯಲ್ಲಿ ಕ್ಲೀನರ್ ಆಗಿದ್ದರು, ಹಿರಿಯರಿಗೆ ಗೊತ್ತಿರಬಹುದು. ‘ಹತ್ತಿದ ಗೇರಿನಲ್ಲೇ ಇಳೀಬೇಕು’ ಅನ್ನುವುದು ಆ ಲಾರಿಯವರ ಮಾತು. ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯಬೇಕಾದ್ದು ಇಂಜಿನ್ನು, ಬ್ರೇಕು ಅದರ ಸಹಾಯಕ. ಅಮೆರಿಕದಲ್ಲಿ ಭಾರಿ ವಾಹನದ ಲೈಸೆನ್ಸಿಗೆ ಓದಿಸುವ ಸರ್ಕಾರಿ ಕೈಪಿಡಿಯಲ್ಲೂ ಇದೇ ಇದೆ. ಅದರ ಜೊತೆ ಒಂದು ತಿದ್ದುಪಡಿಯೂ ಇದೆ: ಈಗಿನ ಗಾಡಿಗಳು ಸಲೀಸಾಗಿ ಹತ್ತುತ್ತವೆ, ಹಾಗಾಗಿ ಇಳಿಯಲು ಹತ್ತಿದ್ದಕ್ಕಿಂತಲೂ ಕೆಳಗಿನ ಗೇರು ಬೇಕಾಗಬಹುದು ಅಂತ.

ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ದಾಟಿ ಪೂರ್ವಕ್ಕೆ ಹೋಗಬೇಕಾದರೆ ಟಯೋಗಾ ಪಾಸ್ ಅನ್ನುವ ಕಣಿವೆದಾರಿ ಇದೆ. ಎತ್ತರ 9,943 ಅಡಿ. ಚಳಿಗಾಲ ಪೂರ್ತಿ ಹಿಮ ಬಿದ್ದು ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ಕೊನೆಗೋ ಜೂನಿಗೋ ತೆಗೆಯುತ್ತಾರೆ. ಆ ತುದಿಯಿಂದ ಲೀ ವೈನಿಂಗ್ ಅನ್ನುವ ಪುಟ್ಟ ಊರಿಗೆ 12 ಮೈಲಿ, ನಮ್ಮ ಲೆಕ್ಕದಲ್ಲಿ 19 ಕಿಲೋಮೀಟರ್. ಅಷ್ಟರೊಳಗೆ ಮೂರು ಸಾವಿರ ಅಡಿಗೂ ಹೆಚ್ಚು ಇಳಿಯಬೇಕು, ಅಂದರೆ 960 ಮೀಟರಿನಷ್ಟು. ನಮ್ಮ ಘಟ್ಟದ ಹಾಗೆ ಹೇರ್‌ಪಿನ್ ತಿರುವು ಹೆಚ್ಚಿಲ್ಲ. ಬಂಡೆ ಕಡಿದು ಮಾಡಿದ ಉದ್ದ ಇಳಿಜಾರು. ಕಾಡೂ ಇಲ್ಲ, ಮರೆಯೂ ಇಲ್ಲ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕಲ್ಲ, ಇಳಿಯುವವರಿಗೆ ಪ್ರಪಾತ ಪಕ್ಕದಲ್ಲೇ ಕಾಣುತ್ತಿರುತ್ತದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಮಕ್ಕಳಿಗೊಂದು ಲೆಕ್ಕ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಂಗೈ ಅಂಗೈ ಉಜ್ಜಿಸಿ, ಕೆನ್ನೆಗೆ ಇಟ್ಟುಕೊಳ್ಳಿ ಅಂತಿದ್ದರು. ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ರೂಪ ಬದಲಾಯಿಸುತ್ತದೆ ಅನ್ನುವ ಪಾಠ. ಬ್ರೇಕು ಅಂದರೆ ಅಷ್ಟೇ, ಓಟವನ್ನು ಬಿಸಿಯಾಗಿ ಮಾರ್ಪಡಿಸುವ ಯಂತ್ರ. ಆರು ಸಾವಿರ ಕಿಲೋ ತೂಕ, ಗುರುತ್ವದ 9.8, ಎತ್ತರ 960 ಮೀಟರ್. ಗುಣಿಸಿ ನೋಡಿ. ಐದೂವರೆ ಕೋಟಿ ಜೂಲಿಗಿಂತ ಮೇಲೆ ಬರುತ್ತದೆ. ಆ ಬಿಸಿಯಲ್ಲಿ 20 ಡಿಗ್ರಿಯ ತಣ್ಣೀರು ಸುಮಾರು 165 ಲೀಟರ್ ಕುದಿಯುತ್ತದೆ. ಬಚ್ಚಲುಮನೆಯ ದೊಡ್ಡ ಹಂಡೆ ಮೂರು ಅಂತಿಟ್ಟುಕೊಳ್ಳಿ, ಮೂರೂ ಕೊತಕೊತ ಅನ್ನಬೇಕು. ಇನ್ನೊಂದು ರೀತಿ ಹೇಳುವುದಾದರೆ, ಅದೇ ಗಾಡಿಯನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸುವುದನ್ನು ಅರ್ಧ ಗಂಟೆಯೊಳಗೆ ಹೆಚ್ಚುಕಡಿಮೆ 38 ಸಲ ಮಾಡಿದ ಹಾಗೆ. ಇಷ್ಟೂ ಬಿಸಿಯನ್ನು ಬ್ರೇಕೇ ಹೊರಬೇಕಿಲ್ಲ. ಗಾಳಿ ಸ್ವಲ್ಪ ತಡೆಯುತ್ತದೆ, ಟೈರು ಸ್ವಲ್ಪ ನುಂಗುತ್ತದೆ, ಕೆಳಗಿನ ಗೇರಿನಲ್ಲಿದ್ದರೆ ಇಂಜಿನ್ನು ದೊಡ್ಡ ಪಾಲು ತೆಗೆದುಕೊಂಡು ರೇಡಿಯೇಟರಿನಲ್ಲೂ ಸೈಲೆನ್ಸರಿನಲ್ಲೂ ಹೊರಗೆ ಬಿಡುತ್ತದೆ. ನ್ಯೂಟ್ರಲ್ ಮಾಡಿದಿರೋ, ಆ ಪಾಲೂ ಚಕ್ರದೊಳಗಿನ ಕಬ್ಬಿಣದ ತಟ್ಟೆಗಳ ಮೇಲೇ ಬೀಳುತ್ತದೆ.

ಜುಲೈ 3, ಬುಧವಾರ, ಮಧ್ಯಾಹ್ನ. ತುವಾಲಮಿ ಅನ್ನುವ ಎತ್ತರದ ಹುಲ್ಲುಗಾವಲಿನಲ್ಲಿ ಊಟ ಮುಗಿಸಿ ಹೊರಟಿದ್ದೆವು. (ಅಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದಿದ್ದರೆ ಬೇಳೆ ಬೇಯುವುದೇ ಇಲ್ಲ. ಅಮ್ಮ ಮೊದಲನೇ ದಿನವೇ ಕಂಡುಹಿಡಿದಿದ್ದರು.) ಇಳಿಜಾರು ಶುರುವಾಗುವ ಮುಂಚೆಯೇ ಎರಡನೇ ಗೇರಿಗೆ ಹಾಕಿದೆ. ಇಂಜಿನ್ನು ಗಟ್ಟಿಯಾಗಿ ಕೂಗಿಕೊಳ್ಳುತ್ತದೆ, ಕೂಗಲಿ, ಅದೇ ಬೇಕಾದ್ದು. ವೇಗ 60ಕ್ಕೆ ಏರಿದಾಗ ಒಮ್ಮೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ 50ಕ್ಕೆ ಇಳಿಸುವುದು, ಪೂರ್ತಿ ಬಿಡುವುದು. ಮತ್ತೆ ಏರುವ ತನಕ ಕಾಲು ಮುಟ್ಟಿಸಬಾರದು. ಆ ಕೈಪಿಡಿ ಹೇಳುವ ಕ್ರಮ ಇದೇ: ಒತ್ತಿ ಬಿಡು, ಒತ್ತಿ ಬಿಡು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ತಟ್ಟೆಗೆ ಗಾಳಿ ತಾಗಿ ಆರುವುದಕ್ಕೆ ಬಿಡುವೇ ಸಿಗುವುದಿಲ್ಲ.

ಆರೇಳು ಕಿಲೋಮೀಟರ್ ಇಳಿದಿರಬಹುದು. ಹಿಂದಿನಿಂದ ಅಮ್ಮ, “ಏನೋ ಸೀದ ವಾಸನೆ ಬರ್ತಿದೆ, ಗ್ಯಾಸ್ ಆಫ್ ಮಾಡಿದ್ದೀಯೇನೇ?” ಅಂತ ನನ್ನ ಹೆಂಡತಿಯನ್ನು ಕೇಳಿದರು. “ಮಾಡಿದ್ದೀನಿ ಅತ್ತೆ” ಅಂತ ಅವಳು ಎದ್ದು ನೋಡಿದಳು. ಮನೆಯನ್ನೇ ಹೊತ್ತ ಗಾಡಿಯ ತೊಂದರೆ ಇದು. ವಾಸನೆ ಬಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಅಡುಗೆಮನೆ. ಪಕ್ಕದ ಸೀಟಿನಲ್ಲಿದ್ದ ಅಪ್ಪ ಕಿಟಕಿ ಇಳಿಸಿದರು. ಒಂದೇ ಸಲ ಮೂಗೆಳೆದು, “ಅಡುಗೆಮನೆದಲ್ಲ ಇದು. ಲೈನರ್ ವಾಸನೆ. ಜಾಗ ಕಂಡಲ್ಲಿ ಹಾಕು” ಅಂದರು. ಅಷ್ಟರಲ್ಲಿ ನನಗೂ ಒಂದು ವಿಷಯ ಗೊತ್ತಾಗಿತ್ತು. ಬ್ರೇಕು ಒತ್ತಿದಾಗ ಸ್ಟಿಯರಿಂಗ್ ಬಲಕ್ಕೆ ಎಳೆಯುತ್ತಿತ್ತು. ಮುಂದಿನ ಸಲ ಒತ್ತಿದಾಗ ಪೆಡಲು ಅರ್ಧದವರೆಗೆ ಏನೂ ತಡೆಯಿಲ್ಲದೆ ಹೋಯಿತು, ಕೆಸರಿಗೆ ಕಾಲಿಟ್ಟ ಹಾಗೆ.

ಮೊದಲನೇ ಗೇರಿಗೆ ಇಳಿಸಿ, ಪೆಡಲನ್ನು ಬೇಗ ಬೇಗ ನಾಲ್ಕೈದು ಸಲ ಪಂಪ್ ಮಾಡಿದೆ. ಒತ್ತಡ ಸ್ವಲ್ಪ ತಿರುಗಿ ಬಂತು. ನೂರಿನ್ನೂರು ಮೀಟರ್ ಮುಂದೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಲು ಬಿಟ್ಟ ಜಾಗ ಇತ್ತು. ನಿಂತಿತು. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಮುಂದಿನ ಬಲಚಕ್ರದಿಂದ ತೆಳ್ಳಗೆ ಹೊಗೆ ಬರುತ್ತಿತ್ತು, ಅಷ್ಟೇ. ಅಪ್ಪ ಇಳಿದವರೇ ಎರಡು ಬಂಡೆಕಲ್ಲು ಉರುಳಿಸಿಕೊಂಡು ಬಂದು ಹಿಂದಿನ ಚಕ್ರಗಳ ಮುಂದೆ ಕೊಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ, ಅಷ್ಟು ಎತ್ತರದಲ್ಲಿ, ಯಾರೂ ಹೇಳುವ ಮುಂಚೆ. ಅಮ್ಮ ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಬಂದರು. ಅಪ್ಪ, “ಕಾದ ಕಾವಲಿಗೆ ತಣ್ಣೀರು ಹೊಯ್ತಾರಾ ಯಾರಾದ್ರೂ?” ಅಂತ ತಡೆದರು. ಅದು ಸರಿಯಾದ ಮಾತು. ಎರಕದ ಕಬ್ಬಿಣ ಅಷ್ಟು ಬಿಸಿಯಲ್ಲಿ ಒಂದೇ ಕಡೆ ತಣ್ಣಗಾದರೆ ಡೊಂಕಾಗುತ್ತದೆ, ಸೀಳಲೂಬಹುದು. ನಮ್ಮಲ್ಲಿ ಘಟ್ಟದ ಕೆಳಗೆ ಹೋಟೆಲ್ ಮುಂದೆ ಚಕ್ರಕ್ಕೆ ಪೈಪ್ ಹಿಡಿಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಬಿಡಿ. ಗಾಳಿಯಲ್ಲೇ ಆರಲಿ.

ನಾನು ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಟ್ಟಲಿಲ್ಲ, ಒಂದು ಗೇಣು ದೂರದಿಂದ. ಎಡಗಡೆ ಮುಂದಿನದು ಬೆಚ್ಚಗಿತ್ತು, ಹಿಂದಿನವೂ ಹಾಗೇ. ಬಲಗಡೆ ಮುಂದಿನದರ ಹತ್ತಿರ ಕೈ ಇಡಲಿಕ್ಕೇ ಆಗಲಿಲ್ಲ. ಇಳಿಜಾರೇ ಕಾರಣವಾಗಿದ್ದರೆ ಎರಡೂ ಕಡೆ ಒಂದೇ ಸಮ ಕಾಯಬೇಕಿತ್ತು. ಒಂದೇ ಚಕ್ರ ಕಾದಿದೆ ಅಂದರೆ ಆ ಚಕ್ರದಲ್ಲಿ ಬ್ರೇಕು ಹಿಡಿದುಕೊಂಡಿದೆ, ಕಾಲು ತೆಗೆದರೂ ಬಿಡುತ್ತಿಲ್ಲ. ನಾವು ಸಾಫ್ಟ್‌ವೇರಿನವರು ದಿನವಿಡೀ ಮಾಡುವುದು ಇದನ್ನೇ, ನಾಲ್ಕರಲ್ಲಿ ಯಾವುದು ಬೇರೆ ಥರ ಇದೆ ಅಂತ ಹುಡುಕುವುದು.

ಮುಕ್ಕಾಲು ಗಂಟೆ ಆದ ಮೇಲೆ ಪೆಡಲು ಒತ್ತಿ ನೋಡಿದೆ. ಗಟ್ಟಿಯಾಗಿತ್ತು, ಹೊಸ ಗಾಡಿಯ ಹಾಗೆ. ಅಪಾಯ ಇಲ್ಲೇ ಇದೆ, ಇದನ್ನು ಹೇಳುವುದಕ್ಕೇ ನಾನು ಇವತ್ತು ಮೈಕು ಹಿಡಿದದ್ದು. ಪೆಡಲಿನಿಂದ ಚಕ್ರಕ್ಕೆ ನಮ್ಮ ಕಾಲಿನ ಬಲವನ್ನು ಮುಟ್ಟಿಸುವುದು ಪೈಪಿನೊಳಗಿನ ಬ್ರೇಕ್ ಆಯಿಲ್. ದ್ರವವನ್ನು ಅದುಮಿದರೆ ಕುಗ್ಗುವುದಿಲ್ಲ, ಆದ್ದರಿಂದ ಒತ್ತಿದ್ದು ಒತ್ತಿದ ಹಾಗೇ ಮುಟ್ಟುತ್ತದೆ. ಆ ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ಆವಿ ಕುಗ್ಗುತ್ತದೆ. ಆಗ ನಾವು ತುಳಿಯುವುದು ಗುಳ್ಳೆಯನ್ನು, ಬ್ರೇಕನ್ನಲ್ಲ. ತಣ್ಣಗಾದ ಮೇಲೆ ಗುಳ್ಳೆ ಮತ್ತೆ ದ್ರವವಾಗುತ್ತದೆ, ಪೆಡಲು ಗಟ್ಟಿಯಾಗುತ್ತದೆ, ಡ್ರೈವರು ‘ಸರಿಯಾಯ್ತು’ ಅಂತ ಹೊರಡುತ್ತಾನೆ. ಕಾರಣ ಮಾತ್ರ ಹಾಗೇ ಒಳಗಿರುತ್ತದೆ. ಮುಂದಿನ ಇಳಿಜಾರಿನಲ್ಲಿ ಅದು ಮೊದಲಿಗಿಂತ ಬೇಗ ಬರುತ್ತದೆ.

ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಇನ್ನೊಂದು ಮೋಟರ್‌ಹೋಮಿನಲ್ಲಿ ಬಂದ ವಯಸ್ಸಾದ ಗಂಡ ಹೆಂಡತಿ ತಾವಾಗಿ ನಿಲ್ಲಿಸಿ, ನನ್ನನ್ನು ಕೆಳಗೆ ಲೀ ವೈನಿಂಗ್‌ವರೆಗೆ ಕರೆದುಕೊಂಡು ಹೋದರು. ಬಾಡಿಗೆ ಕೊಟ್ಟ ಕಂಪನಿಗೆ ಅಲ್ಲಿಂದ ಫೋನ್ ಮಾಡಿದೆ. ಗಾಡಿ ತಗೊಳ್ಳುವಾಗಲೇ ಟೈರು, ಲೈಟು, ಬ್ರೇಕು ಎಲ್ಲ ಕೇಳಿದ್ದೆ, ‘ಸರ್ವಿಸ್ ಆಗಿದೆ’ ಅಂದಿದ್ದರು. ಈಗ ಫೋನಿನಲ್ಲಿದ್ದ ಹುಡುಗ ಬಹಳ ವಿನಯವಾಗಿ, “ಪೆಡಲು ಈಗ ಗಟ್ಟಿ ಇದೆಯಲ್ಲ ಸರ್, ಹಾಗಾದರೆ ನಿಧಾನವಾಗಿ ಇಳಿಸಿಕೊಂಡು ಹೊರಡಿ, ಸಾಲ್ಟ್ ಲೇಕ್ ಸಿಟಿಯಲ್ಲಿ ಬೇರೆ ಗಾಡಿ ಕೊಡುತ್ತೇವೆ” ಅಂದ.

ಸಾಲ್ಟ್ ಲೇಕ್ ಸಿಟಿಗೆ ಹೋಗಲು ನಾವು ನೆವಾಡ ರಾಜ್ಯ ದಾಟಬೇಕು. ನಮ್ಮ ದಾರಿಯಲ್ಲಿ ಟೊನೊಪಾ ಅನ್ನುವ ಊರಿನಿಂದ ಈಲಿ ಅನ್ನುವ ಊರಿಗೆ 250 ಕಿಲೋಮೀಟರಿಗೂ ಹೆಚ್ಚು ದೂರ ಪೆಟ್ರೋಲ್ ಬಂಕೂ ಸಿಗುವುದಿಲ್ಲ. ಮಧ್ಯೆ ಒಂದರ ಹಿಂದೊಂದು ಬೆಟ್ಟಸಾಲು. ಒಳಗಿರುವವರು ಐದು ಜನ, ಅದರಲ್ಲಿ ನಾಲ್ಕು ವರ್ಷದ ನನ್ನ ಮಗಳು ಒಬ್ಬಳು. ಆಗುವುದಿಲ್ಲ, ಟೋ ಮಾಡಿಸಿ ಅಂದೆ. ಟೋ ಖರ್ಚು ನಿಮ್ಮ ಮೇಲೆ ಬರಬಹುದು ಅಂದ. ಸಾವಿರ ಡಾಲರಿಗೆ ಕಡಿಮೆ ಇಲ್ಲದ ಮಾತು ಅದು. ಆಗ ನಾನು ಹೇಳಿದೆ: “ಆಯ್ತು. ‘ಈ ಗಾಡಿಯನ್ನು ಈಗ ಇರುವ ಸ್ಥಿತಿಯಲ್ಲಿ ಓಡಿಸುವುದು ಸುರಕ್ಷಿತ’ ಅಂತ ನಿಮ್ಮ ಕಂಪನಿಯ ಹೆಸರಿನಲ್ಲಿ ನನಗೊಂದು ಇಮೇಲ್ ಕಳಿಸಿ, ಹೊರಡುತ್ತೇನೆ.” ಇಪ್ಪತ್ತು ನಿಮಿಷ ಕಾಯಿಸಿದರು. ಇಮೇಲ್ ಬರಲಿಲ್ಲ, ಟೋ ಲಾರಿ ಬಂತು. ಐದು ಗಂಟೆ ಹಿಡಿಯಿತು, ಆದರೂ ಬಂತು. ಖರ್ಚನ್ನೂ ಅವರೇ ಕೊಟ್ಟರು.

‘ಬರೆದು ಕೊಡಿ’ ಅನ್ನುವುದು ಜಗಳವಲ್ಲ. ಯಾವ ಆಫೀಸಿನಲ್ಲಾದರೂ ಬಾಯಲ್ಲಿ ಸಲೀಸಾಗಿ ಹೇಳುವ ಮಾತನ್ನು ಕಾಗದದಲ್ಲಿ ಹೇಳಲು ಜನ ಒಂದು ಗಳಿಗೆ ಯೋಚಿಸುತ್ತಾರೆ. ನನಗೆ ಬೇಕಾಗಿದ್ದದ್ದು ಆ ಒಂದು ಗಳಿಗೆ. ಆದರೆ ನಾನು ಬಾಡಿಗೆ ಕೊಟ್ಟ ಗಿರಾಕಿ, ನನಗೆ ಹಾಗೆ ಕೇಳುವ ಧೈರ್ಯ ಸುಲಭ. ರಾತ್ರಿ ಹನ್ನೆರಡಕ್ಕೆ ಕೊಟ್ಟಿಗೆಹಾರದಲ್ಲಿ ನಿಂತು, “ಅಣ್ಣಾ, ಬ್ರೇಕ್ ಯಾಕೋ ಹಿಡೀತಿಲ್ಲ” ಅಂತ ಓನರಿಗೆ ಫೋನ್ ಮಾಡುವ ಟೆಂಪೋ ಡ್ರೈವರಿಗೆ ಆ ಧೈರ್ಯ ಎಲ್ಲಿಂದ ಬರಬೇಕು? “ಹಂಗೇ ನಿಧಾನಕ್ಕೆ ಇಳಿಸ್ಕೊಂಡು ಹೋಗೋ, ನಾಳೆ ನೋಡೋಣ” ಅನ್ನುವ ಉತ್ತರ ಅವನಿಗೆ ಕೇಳುವ ಮುಂಚೆಯೇ ಗೊತ್ತು. ಆಗ ಮಾತಾಡಬೇಕಾದವರು ಹಿಂದೆ ಕೂತವರು. ಇಪ್ಪತ್ತು ಜನ ಬಾಡಿಗೆ ಕೊಟ್ಟವರು, “ನಾವು ಇಲ್ಲೇ ಇರ್ತೀವಿ, ಮೆಕ್ಯಾನಿಕ್ಕು ಬರಲಿ” ಅಂದರೆ ಓನರು ಇಪ್ಪತ್ತು ಜನಕ್ಕೂ ಬೈಯಲಾರ. ಮುಹೂರ್ತ ತಪ್ಪುತ್ತದೆ ಅಂತ ಡ್ರೈವರಿಗೆ ಅವಸರ ಮಾಡುವವರೂ ನಾವೇ ಅಲ್ಲವೇ?

ಲೀ ವೈನಿಂಗ್‌ನಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ದೂರದ ಬಿಷಪ್ ಅನ್ನುವ ಊರಿನಲ್ಲಿ ಗ್ಯಾರೇಜು. ಮರುದಿನ ಜುಲೈ 4, ಅವರ ಸ್ವಾತಂತ್ರ್ಯ ದಿನ, ಆಮೇಲೆ ವಾರಾಂತ್ಯ. ಬಿಡಿಭಾಗ ಬಂದದ್ದು ಸೋಮವಾರ. ಯೆಲ್ಲೊಸ್ಟೋನಿನಲ್ಲಿ ಬುಕ್ ಮಾಡಿದ್ದ ಜಾಗ ಹೋಯಿತು. ಅಪ್ಪನಿಗೆ ಚಿಮ್ಮುವ ಬಿಸಿನೀರು ನೋಡಲಾಗಲಿಲ್ಲ. ಅದರ ಬದಲು ಅವರು ಎರಡು ದಿನ ಆ ಗ್ಯಾರೇಜಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಭಾಷೆ ಬರುವುದಿಲ್ಲ. ಮೆಕ್ಯಾನಿಕ್ಕು ಬಿಚ್ಚಿದ್ದನ್ನು ತೋರಿಸುವುದು, ಇವರು ತಲೆ ಆಡಿಸುವುದು.

ಆತ ತೋರಿಸಿದ್ದು ಎರಡು ಸಂಗತಿ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡನ್ನು ಹಿಡಿದಿರುವ ಕ್ಯಾಲಿಪರ್ ಅನ್ನುವ ಭಾಗ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರಬೇಕು. ಬಲಗಡೆಯ ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಒಳಗಿನ ಪ್ಯಾಡು ಸವೆದು ಕಬ್ಬಿಣ ಕಂಡಿತ್ತು, ಹೊರಗಿನದು ಅರ್ಧ ಹಾಗೇ ಇತ್ತು. ಚಕ್ರದ ಹೊರಗಿನಿಂದ ಬಗ್ಗಿ ನೋಡುವವನಿಗೆ ಕಾಣುವುದು ಹೊರಗಿನ ಪ್ಯಾಡು ಮಾತ್ರ. ಎರಡನೆಯದು ಆಯಿಲ್. ಹೊಸ ಬ್ರೇಕ್ ಆಯಿಲ್ ತಿಳಿಯಾದ ಜೇನಿನ ಬಣ್ಣ ಇರುತ್ತದೆ. ಅದರಿಂದ ತೆಗೆದದ್ದು ಕಷಾಯದ ಬಣ್ಣ. ಪೆನ್ನಿನಂಥ ಒಂದು ಸಣ್ಣ ಉಪಕರಣ ಅದ್ದಿದ, ಕೆಂಪು ದೀಪ ಹತ್ತಿತು. ಅಂದರೆ ನೀರು ಸೇರಿದೆ.

ಮುಚ್ಚಿದ ಡಬ್ಬಿಗೆ ನೀರು ಎಲ್ಲಿಂದ ಬಂತು? ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ಏನಾಗುತ್ತದೆ ನೋಡಿ. ಬ್ರೇಕ್ ಆಯಿಲ್‌ನದೂ ಅದೇ ಗುಣ, ಗಾಳಿಯ ತೇವವನ್ನು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೀರುತ್ತದೆ. ಡಬ್ಬಿಯ ಮೇಲೆ ಡಾಟ್ 3 ಅಂತಲೋ ಡಾಟ್ 4 ಅಂತಲೋ ಬರೆದಿರುತ್ತದೆ. ಡಾಟ್ 3 ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ. ಶೇಕಡಾ ಮೂರೂಮುಕ್ಕಾಲಿನಷ್ಟು ನೀರು ಸೇರಿದರೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ಆದ್ದರಿಂದಲೇ ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಅನ್ನುತ್ತಾರೆ. ನಮ್ಮ ಮಲೆನಾಡಿನ ಮಳೆಗೆ ನಾನಾದರೆ ಅದಕ್ಕಿಂತ ಒಂದು ದಿನವೂ ಹೆಚ್ಚು ಬಿಡುವುದಿಲ್ಲ. ಇಂಜಿನ್ ಆಯಿಲ್‌ಗೆ ಎಲ್ಲರೂ ದುಡ್ಡು ಕೊಡುತ್ತಾರೆ, ಇದನ್ನು ಕೇಳುವವರೇ ಇಲ್ಲ. ಕಡಿಮೆಯಾಗಿದ್ದರೆ ಮೇಲಿಂದ ಸ್ವಲ್ಪ ಹುಯ್ಯುತ್ತಾರೆ. ಹಳೇ ಹುಳಿ ಮಜ್ಜಿಗೆಗೆ ಹೊಸ ಹಾಲು ಹುಯ್ದ ಹಾಗೆ. ಡಾಟ್ 4ರ ಗಾಡಿಗೆ ಅಗ್ಗದ್ದು ಅಂತ 3 ಹಾಕಿಸಬೇಡಿ.

ಪೆಡಲು ಕೆಸರಿನ ಹಾಗೆ ಇಳಿದರೆ ಆಯಿಲ್ ಕುದಿದಿದೆ ಅಂದೆ. ಇನ್ನೊಂದು ರೀತಿಯೂ ಇದೆ. ಪೆಡಲು ಗಟ್ಟಿಯಾಗೇ ಇರುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಅದು ಲೈನರು ಅತಿಯಾಗಿ ಕಾದು ಹಿಡಿತ ಬಿಟ್ಟ ಲಕ್ಷಣ. ಇಂಜಿನ್ ಆಫ್ ಮಾಡಿ ಇಳಿಯುವವರಿಗೂ ಪೆಡಲು ಕಲ್ಲಾಗುತ್ತದೆ, ಯಾಕೆಂದರೆ ಕಾಲಿಗೆ ಬಲ ಕೊಡುವ ಬೂಸ್ಟರು ನಡೆಯುವುದು ಇಂಜಿನ್ನಿನಿಂದ. ಪವರ್ ಸ್ಟಿಯರಿಂಗೂ ಜೊತೆಗೇ ಹೋಗುತ್ತದೆ. ಡೀಸೆಲ್ ಉಳಿಯುತ್ತದೆ ಅನ್ನುವವರಿಗೆ ನನ್ನ ಕಸುಬಿನವನಾಗಿ ಒಂದು ಮಾತು. ಈಗಿನ ಗಾಡಿಗಳಲ್ಲಿ ಎಷ್ಟು ಇಂಧನ ಬಿಡಬೇಕು ಅಂತ ತೀರ್ಮಾನಿಸುವುದು ಒಂದು ಸಣ್ಣ ಕಂಪ್ಯೂಟರ್. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿದೆ ಅಂತ ಅದು ತಿಳಿದುಕೊಂಡು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ನು ಆರದ ಹಾಗೆ ನೋಡಿಕೊಳ್ಳಲು ಬಿಡಲೇಬೇಕಾಗುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ಇಳಿಯುವವನು ಬ್ರೇಕನ್ನೂ ಸುಡುತ್ತಾನೆ, ಡೀಸೆಲನ್ನೂ ಸುಡುತ್ತಾನೆ.

ಟ್ರ್ಯಾಕ್ಟರಿನವರಿಗೆ ಬೇರೆಯೇ ಎಚ್ಚರಿಕೆ. ನಿಮಗೆ ಎಡ ಬಲ ಎರಡು ಬ್ರೇಕ್ ಪೆಡಲು, ಗದ್ದೆಯಲ್ಲಿ ತಿರುಗಿಸಲು. ರಸ್ತೆಗೆ ಬಂದ ಕೂಡಲೇ ಎರಡನ್ನೂ ಸೇರಿಸುವ ಕೊಂಡಿ ಹಾಕಲೇಬೇಕು. ಹಾಕದೆ ಇಳಿಜಾರಿನಲ್ಲಿ ಒಂದನ್ನೇ ತುಳಿದರೆ ಹಿಂದಿನ ಟ್ರೈಲರು ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಟ್ರೈಲರಿಗೆ ಬ್ರೇಕೇ ಇಲ್ಲದಿದ್ದರೆ ಅಷ್ಟೂ ಮರಳಿನ ತೂಕ ಹಿಂದಿನಿಂದ ನೂಕುತ್ತಿರುತ್ತದೆ. ಸ್ಕೂಟರಿನವರು ಘಟ್ಟ ಪೂರ್ತಿ ಹಿಂದಿನ ಬ್ರೇಕನ್ನೇ ಹಿಡಿದುಕೊಂಡು ಇಳಿಯಬೇಡಿ, ಗೇರಿಲ್ಲದ ಗಾಡಿಗೆ ಮಧ್ಯೆ ಮಧ್ಯೆ ನಿಲ್ಲಿಸಿ ಆರಿಸುವುದೇ ದಾರಿ. ಹೊಸ ಎಲೆಕ್ಟ್ರಿಕ್ ಕಾರುಗಳು ಇಳಿಯುವಾಗ ಬ್ಯಾಟರಿಗೆ ಚಾರ್ಜ್ ಮಾಡಿಕೊಂಡು ವೇಗ ತಡೆಯುತ್ತವೆ, ಒಳ್ಳೆಯದೇ. ಆದರೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಘಟ್ಟದ ತಲೆಯಿಂದ ಹೊರಟರೆ ಆ ತಡೆ ಬಹಳ ಕಡಿಮೆಯಾಗುತ್ತದೆ, ತುಂಬಿದ ಕೊಡಕ್ಕೆ ಇನ್ನೆಲ್ಲಿ ಹುಯ್ಯುವುದು.

ಪೂರ್ತಿ ಕೈಕೊಟ್ಟರೆ ಏನು ಮಾಡಬೇಕು ಅಂತ ಮೊನ್ನೆ ಒಬ್ಬ ಹುಡುಗ ಕೇಳಿದ. ಅಮೆರಿಕದ ಬೆಟ್ಟದ ಹೆದ್ದಾರಿಗಳಲ್ಲಿ ಲಾರಿ ನುಗ್ಗಿಸಿ ನಿಲ್ಲಿಸಲು ಜಲ್ಲಿ ತುಂಬಿದ ಏರುದಾರಿ ಅಲ್ಲಲ್ಲಿ ಮಾಡಿಟ್ಟಿರುತ್ತಾರೆ. ಕೊಲರಾಡೊದ ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗದಿಂದ ಪಶ್ಚಿಮಕ್ಕೆ ಇಳಿಯುವಾಗ ಅಂಥವನ್ನು ನಾನು ನೋಡಿದ್ದೇನೆ. ನಮ್ಮ ಘಟ್ಟಗಳಲ್ಲಿ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಬೇಗ ಬೇಗ ಪಂಪ್ ಮಾಡಿ, ಒಂದೊಂದೇ ಗೇರು ಇಳಿಸಿ, ಹ್ಯಾಂಡ್ ಬ್ರೇಕನ್ನು ಒಮ್ಮೆಗೇ ಎಳೆಯದೆ ಸ್ವಲ್ಪ ಸ್ವಲ್ಪವೇ ಎಳೆಯಿರಿ, ಹಾರ್ನು ಬಿಡಬೇಡಿ. ಕೊನೆಗೆ ದರೆಯ ಕಡೆಗೆ ಉಜ್ಜಿಸಿ. ಬಾಡಿ ಹೋಗುತ್ತದೆ, ಹೋಗಲಿ. ಇಂಜಿನ್ ಮಾತ್ರ ಆಫ್ ಮಾಡಬೇಡಿ.

ಗುರುಗಳಲ್ಲಿ ಒಂದು ಕೋರಿಕೆ ಇದೆ. ಡಿಸೆಂಬರ್ ಬಂದರೆ ಶೈಕ್ಷಣಿಕ ಪ್ರವಾಸ. ಬಸ್ಸು ಗೊತ್ತು ಮಾಡುವಾಗ ಕಿಲೋಮೀಟರಿಗೆ ಎಷ್ಟು ಅಂತ ಕೇಳುವ ಜೊತೆಗೆ, ಬ್ರೇಕ್ ಕೆಲಸ ಕೊನೆಗೆ ಮಾಡಿಸಿದ್ದು ಯಾವಾಗ, ಬಿಲ್ಲು ತೋರಿಸಿ ಅಂತ ಕೇಳಿ. ದೊಡ್ಡ ಬಸ್ಸುಗಳದ್ದು ಗಾಳಿಯ ಬ್ರೇಕು, ಅದರಲ್ಲಿ ಆಯಿಲ್ ಕುದಿಯುವ ಮಾತಿಲ್ಲ, ಆದರೆ ಡ್ರಮ್ಮು ಕಾಯುವುದು ಅದಕ್ಕೂ ತಪ್ಪಿದ್ದಲ್ಲ. ಎಕ್ಸಾಸ್ಟ್ ಬ್ರೇಕ್ ಇದ್ದರೆ ಅದು ಕೆಲಸ ಮಾಡುತ್ತಿದೆಯೇ ಅಂತ ಡ್ರೈವರನ್ನೇ ಕೇಳಿ, ಓನರನ್ನಲ್ಲ. ಡ್ರೈವರಿಗೆ ಹಿಂದಿನ ರಾತ್ರಿ ಮಲಗಲು ಜಾಗ ಕೊಡಿ. ಹೊರಡುವ ಮುಂಚೆ ಮಕ್ಕಳೆದುರಿಗೇ ಅವರಿಗೆ ಹೇಳಿ: “ನಿಮಗೆ ಸರಿ ಕಾಣದಿದ್ದರೆ ಎಲ್ಲಿ ಬೇಕಾದರೂ ನಿಲ್ಲಿಸಿ, ತಡವಾದರೆ ನಾವು ಕೇಳುವುದಿಲ್ಲ.” ಈ ಮಾತು ಬಹಳ ಜನ ಡ್ರೈವರುಗಳಿಗೆ ಇಡೀ ಜೀವಮಾನದಲ್ಲಿ ಯಾರೂ ಹೇಳಿರುವುದಿಲ್ಲ.

ಬಿಷಪ್‌ನ ಮೆಕ್ಯಾನಿಕ್ಕು ಬಳಸಿದಂಥ ಆ ಪೆನ್ನನ್ನು ನಾನೂ ಒಂದು ತಂದಿದ್ದೇನೆ. ಇಲ್ಲೂ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಬ್ಯಾಚಿನವನೇ ಆದ ಪೇಟೆಯ ಗ್ಯಾರೇಜಿನ ಗೆಳೆಯನೂ ಬಂದಿದ್ದಾನೆ. ಮೈದಾನದಲ್ಲಿ ನಿಂತಿರುವ ಗಾಡಿಗಳ ಬಾನೆಟ್ ತೆಗೆದಿಟ್ಟರೆ ಊಟಕ್ಕೆ ಮುಂಚೆ ನಾವಿಬ್ಬರೂ ಒಂದೊಂದಾಗಿ ನೋಡುತ್ತಾ ಬರುತ್ತೇವೆ. ಕೆಂಪು ದೀಪ ಬಂದವರು ಇವತ್ತು ಘಟ್ಟ ಇಳಿಯುವವರಿದ್ದರೆ ದಯವಿಟ್ಟು ಇಲ್ಲೇ ಉಳಿಯಿರಿ, ಶಾಲೆಯ ಕೋಣೆಗಳಲ್ಲಿ ಮಲಗಲು ವ್ಯವಸ್ಥೆ ಇದೆ ಅಂತ ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಮೊದಲು ಪಾಯಸ ಬಡಿಸುವ ಸಾಮಾನು ತಂದ ಪಿಕಪ್ಪಿನಿಂದ ಶುರುಮಾಡೋಣ, ಅದು ಸಂಜೆಗೇ ಚಾರ್ಮಾಡಿ ಇಳಿಯಬೇಕಂತೆ.